ಬೆಕ್ಕು ಬಚ್ಚಿಡುವ ನವೆ

ನಾಯಿಗೆ ತುರಿಕೆಯಾದರೆ ಬೀದಿಗೇ ಗೊತ್ತಾಗುತ್ತದೆ. ಬೆಕ್ಕಿಗಾದರೆ ಅದು ಮಂಚದಡಿ ಸೇರಿ ಸದ್ದಿಲ್ಲದೆ ಮೈ ನೆಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಹೆಚ್ಚುವ ಈ ನವೆಗೆ ಅಡುಗೆಮನೆಯ ಎಣ್ಣೆಯನ್ನೋ ಮೆಡಿಕಲ್ ಶಾಪಿನ ಟ್ಯೂಬನ್ನೋ ಹುಡುಕುವ ಮೊದಲು ಒಂದು ಮಾತು: ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಬೆಕ್ಕಿನ ಹೊಟ್ಟೆಗೇ!

ರಾತ್ರಿ ಹನ್ನೊಂದು. ಹೊರಗೆ ಜುಲೈ ತಿಂಗಳ ಜಡಿಮಳೆ. ದೀಪಗಳೆಲ್ಲ ಆರಿವೆ. ಮಂಚದ ಕೆಳಗಿನಿಂದ ಒಂದೇ ಲಯದ ಸದ್ದು: ಸರ್, ಸರ್, ಸರ್. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರು. ಮನೆಯವರು ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ, ಬೆಕ್ಕು ಒಂದು ಹಿಂಗಾಲನ್ನು ಮೇಲಕ್ಕೆತ್ತಿ ಹೊಟ್ಟೆ ನೆಕ್ಕುತ್ತಿದೆ. ಬೆಳಕು ಬಿದ್ದದ್ದೇ ನಾಲಗೆ ಒಳಗೆ, ಮುಖದಲ್ಲಿ ‘ಏನೀಗ?’ ಎಂಬ ಗತ್ತು.

ಬೆಳಗ್ಗೆ ಮಡಿಲಲ್ಲಿ ಅಂಗಾತ ಮಲಗಿಸಿದಾಗ ಗಾಬರಿ. ಹೊಟ್ಟೆಯ ಮೇಲೆ, ತೊಡೆಯ ಒಳಗಡೆ ಕೂದಲೇ ಇಲ್ಲ. ಬೋಳಿಸಿದಷ್ಟು ನುಣುಪು. ಗಾಯವಿಲ್ಲ, ರಕ್ತವಿಲ್ಲ. “ಕೂದಲು ಉದುರ್ತಾ ಇದೆ ಡಾಕ್ಟ್ರೇ” ಎಂದು ಬುಟ್ಟಿ ಹಿಡಿದು ಪಶುವೈದ್ಯರ ಬೆಂಚಿನ ಮೇಲೆ ಕುಳಿತವರಿಗೆ ಸಿಗುವ ಉತ್ತರ ವಿಚಿತ್ರ: ಉದುರಿಲ್ಲ, ನಿಮ್ಮ ಬೆಕ್ಕೇ ಕತ್ತರಿಸಿದೆ.

ಪರೀಕ್ಷೆ ಸರಳ. ಬೋಳಾದ ಜಾಗದ ಅಂಚಿನಿಂದ ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ತುದಿ ಸಹಜವಾಗಿ ಚೂಪಾಗಿದ್ದರೆ ಬೇರೆ ಕಾಯಿಲೆ ಹುಡುಕಬೇಕು. ತುದಿ ಮುರಿದಿದ್ದರೆ ಅದು ನಾಲಗೆಯ ಕೆಲಸ. ನಾಲಗೆಯ ಹಿಂದೆ ಇರುವುದು ನವೆ.

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ಸಿಕ್ಕಿಬೀಳುತ್ತದೆ ಅನ್ನುತ್ತದೆ ಗಾದೆ. ಹಾಲಿನ ಮಟ್ಟಿಗೆ ಅದು ಸರಿ. ನವೆಯ ವಿಷಯದಲ್ಲಿ ಮಾತ್ರ ಬೆಕ್ಕು ತಿಂಗಳುಗಟ್ಟಲೆ ಸಿಕ್ಕಿಬೀಳುವುದಿಲ್ಲ. ನೆಕ್ಕುವುದು ಅದರ ಹುಟ್ಟುಗುಣ ತಾನೇ? ‘ಎಷ್ಟು ಶುಚಿ ನೋಡಿ ನಮ್ಮ ಬೆಕ್ಕು’ ಎಂದು ನಾವು ಹೆಮ್ಮೆಪಡುತ್ತಿರುವಾಗ ಅದು ಉರಿ ತಾಳಲಾರದೆ ಚರ್ಮ ಉಜ್ಜಿಕೊಳ್ಳುತ್ತಿರುತ್ತದೆ.

ನಾಲ್ಕು ಮುಖಗಳು

ಬೆಕ್ಕಿನ ಚರ್ಮಕ್ಕೆ ತನ್ನ ಕಷ್ಟ ಹೇಳಿಕೊಳ್ಳಲು ಗೊತ್ತಿರುವುದು ಕೆಲವೇ ಬಗೆ. ಕಾರಣ ಚಿಗಟವಿರಲಿ, ಮೀನಿರಲಿ, ಮನೆಯ ದೂಳಿರಲಿ, ಮೇಲೆ ಕಾಣುವ ಚಿತ್ರ ಹೆಚ್ಚುಕಮ್ಮಿ ಇವುಗಳಲ್ಲೇ ಒಂದು.

ಮೊದಲನೆಯದು ಮೇಲೆ ಹೇಳಿದ ಬೋಳು ಹೊಟ್ಟೆ. ಎರಡನೆಯದು ಕಣ್ಣಿಗಿಂತ ಕೈಗೆ ಸಿಗುವಂಥದ್ದು: ಬೆನ್ನು ಸವರಿದರೆ ಕೂದಲಿನ ಬುಡದಲ್ಲಿ ರಾಗಿಕಾಳು ಚೆಲ್ಲಿದಂತೆ ಸಣ್ಣ ಸಣ್ಣ ಹೆಕ್ಕಳೆ. ಮೂರನೆಯದು ತಲೆ, ಕತ್ತು, ಕಿವಿಯ ಬುಡವನ್ನು ಹಿಂಗಾಲಿನ ಉಗುರಿನಿಂದ ರಕ್ತ ಬರುವಂತೆ ಕೆರೆದುಕೊಳ್ಳುವುದು. ನಾಲಗೆ ತಲುಪದ ಜಾಗ ಇದೊಂದೇ, ಹಾಗಾಗಿ ಇಲ್ಲಿ ಮಾತ್ರ ಗುಟ್ಟು ಉಳಿಯುವುದಿಲ್ಲ. ನಾಲ್ಕನೆಯದು ಮೇಲ್ದುಟಿ ಕೊರೆದು ಆಗುವ ಹುಣ್ಣು, ಹೊಟ್ಟೆ ಅಥವಾ ತೊಡೆಯ ಮೇಲೆ ಏಳುವ ಒದ್ದೆ ಕೆಂಪು ದದ್ದು. ತುಟಿಯ ಹುಣ್ಣು ನೋಡಿ ‘ಇಲಿ ಕಚ್ಚಿರಬೇಕು’ ಅಂದುಕೊಳ್ಳುವವರಿದ್ದಾರೆ. ಬಹಳ ಸಲ ಅದರ ಹಿಂದೆಯೂ ಇರುವುದು ಅಲರ್ಜಿಯೇ.

ಎಲ್ಲ ಕಾರಣಗಳೂ ಮೇಲೆ ಒಂದೇ ತರಹ ಕಾಣುವುದರಿಂದ ಬರೀ ನೋಡಿ ಕಾರಣ ಹೇಳುವುದು ತಜ್ಞರಿಗೂ ಆಗದ ಕೆಲಸ. ಬೆಕ್ಕಿನ ಚರ್ಮದ ಚಿಕಿತ್ಸೆ ಪತ್ತೇದಾರಿಕೆಯಂತೆ ನಡೆಯುವುದು ಅದಕ್ಕೇ: ಶಂಕಿತರನ್ನು ಒಬ್ಬೊಬ್ಬರನ್ನಾಗಿ ಕೈಬಿಡುತ್ತಾ ಹೋಗಬೇಕು.

▪ ನಾಲಗೆಯೋ ಬಾಚಣಿಗೆಯೋ
ಬೆಕ್ಕಿನ ನಾಲಗೆಯ ಮೇಲಿನ ಮುಳ್ಳುಗಳ ತುದಿ ಟೊಳ್ಳು. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹೂ 2018ರಲ್ಲಿ ತೋರಿಸಿಕೊಟ್ಟಂತೆ, ಈ ಮುಳ್ಳುಗಳು ಟೊಳ್ಳಿನೊಳಗೆ ಜೊಲ್ಲು ಹೀರಿಕೊಂಡು ಕೂದಲಿನ ಬುಡದವರೆಗೂ ತಲುಪಿಸುತ್ತವೆ. ಹುಲಿ, ಸಿಂಹಗಳ ನಾಲಗೆಯಲ್ಲೂ ಇದೇ ರಚನೆ. ಮೈ ಶುಚಿಗೊಳಿಸುವ ಇದೇ ಸಲಕರಣೆ, ನವೆಯಾದಾಗ ಕೂದಲು ಕತ್ತರಿಸುವ ಆಯುಧ.

ಮೊದಲ ಶಂಕಿತ

ನಮ್ಮ ಹವೆಯಲ್ಲಿ ಪಟ್ಟಿಯ ಮೊದಲಲ್ಲಿ ನಿಲ್ಲುವುದು ಚಿಗಟ. ‘ನಮ್ಮನೆ ಬೆಕ್ಕಿಗೆ ಒಂದೂ ಚಿಗಟ ಇಲ್ಲ’ ಎಂಬ ಪ್ರಮಾಣಪತ್ರ ಪ್ರತಿ ಮನೆಯವರೂ ಕೊಡುತ್ತಾರೆ. ಆ ಮಾತಿಗೆ ಬೆಲೆಯಿಲ್ಲ. ಕಂಡ ಚಿಗಟವನ್ನೆಲ್ಲ ಬೆಕ್ಕು ನೆಕ್ಕಿ ನುಂಗಿರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಚಿಗಟ ತುಂಬಿದ ಮನೆಯ ಬೆಕ್ಕುಗಳಿಗೆ ನೆಕ್ಕಲಾಗದಂತೆ ಕೊರಳಿಗೆ ಕೋನ್ ತೊಡಿಸಲಾಯಿತು. ಮೂರು ವಾರ ಕಳೆದಾಗ ಅವುಗಳ ಮೈಮೇಲಿದ್ದ ಚಿಗಟ, ಕೋನ್ ಇಲ್ಲದ ಬೆಕ್ಕುಗಳ ಸುಮಾರು ಎರಡರಷ್ಟು.

ತೊಂದರೆ ಕೊಡುವುದು ಕಡಿತವಲ್ಲ, ಚಿಗಟದ ಜೊಲ್ಲು. ರಕ್ತ ಹೀರುವಾಗ ಅದು ಚರ್ಮದೊಳಗೆ ಬಿಡುವ ಪ್ರೋಟೀನುಗಳನ್ನು ಬೆಕ್ಕಿನ ರೋಗನಿರೋಧಕ ವ್ಯವಸ್ಥೆ ಶತ್ರು ಎಂದು ಬಗೆಯುತ್ತದೆ. ಅಲರ್ಜಿ ಇಲ್ಲದ ಬೆಕ್ಕು ಹತ್ತಾರು ಚಿಗಟ ಹೊತ್ತು ನೆಮ್ಮದಿಯಾಗಿ ನಿದ್ದೆ ಮಾಡೀತು. ಅಲರ್ಜಿ ಇರುವ ಬೆಕ್ಕಿಗೆ ಒಂದೆರಡು ಕಡಿತ ಸಾಕು, ವಾರಗಟ್ಟಲೆ ನವೆ. ಒಂದೇ ಮನೆಯ ಎರಡು ಬೆಕ್ಕುಗಳಲ್ಲಿ ಒಂದು ಬೋಳಾಗಿ ಇನ್ನೊಂದು ತುಪ್ಪಳ ಮೆರೆಸುತ್ತಾ ಓಡಾಡುವುದು ಇದರಿಂದಲೇ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಹತ್ತಿರ ಹಲ್ಲಿನ ಚಿಗಟದ ಬಾಚಣಿಗೆಯಿಂದ ಬಾಲದ ಬುಡ, ಕತ್ತಿನ ಹಿಂಭಾಗ ಬಾಚಿ. ಬಂದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಟಿಶ್ಯೂ ಮೇಲೆ ಉದುರಿಸಿ. ಬರೀ ಮಣ್ಣಾದರೆ ಕಪ್ಪಾಗಿಯೇ ಇರುತ್ತದೆ. ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ಬೆಕ್ಕಿನದೇ ಜೀರ್ಣವಾದ ರಕ್ತ.

ಇನ್ನೂ ಕಹಿಯಾದ ಸುದ್ದಿ: ಬೆಕ್ಕಿನ ಮೇಲೆ ಕಾಣುವ ದೊಡ್ಡ ಚಿಗಟಗಳು ಮನೆಯಲ್ಲಿರುವ ಒಟ್ಟು ಸಂತಾನದ ಶೇ 5ರಷ್ಟು ಮಾತ್ರ. ಉಳಿದದ್ದು ಮೊಟ್ಟೆ, ಮರಿಹುಳು, ಗೂಡುಕಟ್ಟಿದ ಕೋಶವಾಗಿ ಸೋಫಾ ಸಂದಿ, ಚಾಪೆ, ಹಾಸಿಗೆಯ ಮಡಿಕೆಯಲ್ಲಿ. ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಮರಿಹುಳುವಿಗೆ ತೇವ ಬೇಕು, ಒಣ ಹವೆಯಲ್ಲಿ ಸಾಯುತ್ತದೆ. ನಮ್ಮ ಮಳೆಗಾಲದ ಬೆಚ್ಚನೆಯ ತೇವದಲ್ಲಿ ಮೂರು-ನಾಲ್ಕು ವಾರಕ್ಕೆ ಒಂದು ತಲೆಮಾರು ಸಿದ್ಧ. ಕೋಶದೊಳಗಿನ ಚಿಗಟವಂತೂ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದರೆ ಸಾಕು, ಹೊರಗೆ ಜಿಗಿಯುತ್ತದೆ. ರಜೆಗೆ ಊರಿಗೆ ಹೋಗಿ ಬಂದು ಬೀಗ ತೆಗೆದ ಮನೆಯಲ್ಲಿ ಕಣಕಾಲು ತುರಿಸುವುದು ಈ ಕಾದು ಕುಳಿತವರಿಂದ.

ಆದ್ದರಿಂದ ಒಂದು ಬೆಕ್ಕಿಗೆ ಒಂದು ಸಲ ಔಷಧ ಹಾಕಿ ಕೈ ತೊಳೆದುಕೊಂಡರೆ ಪ್ರಯೋಜನವಿಲ್ಲ. ಮನೆಯ ಎಲ್ಲ ಬೆಕ್ಕು-ನಾಯಿಗಳಿಗೂ, ಅವವಕ್ಕೆ ತಕ್ಕ ಔಷಧವನ್ನು, ಕನಿಷ್ಠ ಮೂರು ತಿಂಗಳು ಬಿಡದೆ ಕೊಡಬೇಕು. ಸೆಲಾಮೆಕ್ಟಿನ್, ಫ್ಲೂರಲೇನರ್‌ನಂಥ ಹನಿಮದ್ದುಗಳ ಬೆಕ್ಕಿನ ಪ್ಯಾಕನ್ನು ವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ. ಬೆಕ್ಕು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಸೋಫಾ ಸಂದಿಗೆ ವ್ಯಾಕ್ಯೂಮ್ ಹಾಕಿ. ಬೆಕ್ಕಿನ ನವೆಗೆ ಅರ್ಧ ಚಿಕಿತ್ಸೆ ಬೆಕ್ಕಿನ ಮೇಲಲ್ಲ, ಮನೆಯ ನೆಲದ ಮೇಲೆ ನಡೆಯಬೇಕು.

ಮೂಗಿನ ಮೇಲೊಂದು ಹುಣ್ಣು

ಕರಾವಳಿ, ಮಲೆನಾಡಿನವರು ಗಮನಿಸಬೇಕಾದ ಇನ್ನೊಬ್ಬ ಶಂಕಿತ ಸೊಳ್ಳೆ. ಬೆಕ್ಕಿನ ಮೈಯೆಲ್ಲ ದಟ್ಟ ಕೂದಲು, ಸೊಳ್ಳೆಗೆ ಸಿಗುವುದು ಮೂಗಿನ ದಂಡೆ, ಕಿವಿಯ ಹೊರಮೈ, ಪಾದದ ಮೆತ್ತೆಯ ಅಂಚು. ಸೊಳ್ಳೆ ಕಡಿತಕ್ಕೆ ಅಲರ್ಜಿ ಇರುವ ಬೆಕ್ಕುಗಳಲ್ಲಿ ಸರಿಯಾಗಿ ಈ ಜಾಗಗಳಲ್ಲೇ ಹೆಕ್ಕಳೆಗಟ್ಟಿದ ಹುಣ್ಣು ಏಳುತ್ತದೆ. ನೋಡಲು ಭಯಂಕರ. ಮದ್ದು ಮಾತ್ರ ಅಗ್ಗ: ಕಿಟಕಿಗೆ ಜಾಲರಿ ಹಾಕಿ, ಮುಸ್ಸಂಜೆಯಿಂದ ಬೆಳಗಿನವರೆಗೆ ಬೆಕ್ಕನ್ನು ಒಳಗಿಟ್ಟುಕೊಂಡರೆ ಕೆಲವೇ ದಿನಗಳಲ್ಲಿ ಹುಣ್ಣು ಇಳಿಯತೊಡಗುತ್ತದೆ. ಸೊಳ್ಳೆ ಬತ್ತಿ ಹಚ್ಚಿ ಬೆಕ್ಕನ್ನು ಅದೇ ಕೋಣೆಯಲ್ಲಿ ಕೂಡಿಹಾಕುವುದು ಜಾಣತನವಲ್ಲ. ಯಾಕೆಂದು ಮುಂದೆ ನೋಡೋಣ.

ಅಲರ್ಜಿ ಅಲ್ಲದೆಯೂ ನವೆ ಬರುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕಜ್ಜಿ ಹುಳು ಕಿವಿಯಂಚಿನಿಂದ ಶುರುವಾಗಿ ತಲೆಯನ್ನೆಲ್ಲ ದಪ್ಪ ಹೆಕ್ಕಳೆಯಿಂದ ಮುಚ್ಚುತ್ತದೆ. ಗಜಕರ್ಣದ ಶಿಲೀಂಧ್ರ ಬೆಕ್ಕಿನಿಂದ ಮನುಷ್ಯರಿಗೂ ದಾಟುತ್ತದೆ. ಮಗುವಿನ ತೋಳಿನ ಮೇಲೆ ದುಂಡು ಕೆಂಪು ಗುರುತು, ಬೆಕ್ಕಿನ ಮೇಲೆ ಬೋಳು ತೇಪೆ, ಎರಡೂ ಒಟ್ಟಿಗೆ ಕಂಡರೆ ಮೊದಲು ಈ ಅನುಮಾನ ಬರಬೇಕು. ಅದಕ್ಕೆ ತುರಿಕೆಯ ಸ್ಟಿರಾಯ್ಡ್ ಕೊಟ್ಟರೆ ಶಿಲೀಂಧ್ರಕ್ಕೆ ಹಬ್ಬ.

ಮೀನು ತಿನ್ನುವ ಜಾತಿಗೆ ಮೀನಿನ ಅಲರ್ಜಿ

ಚಿಗಟ, ಹುಳು, ಶಿಲೀಂಧ್ರ ಯಾವುದೂ ಅಲ್ಲ ಎಂದಾದ ಮೇಲೆ ತಟ್ಟೆಯ ಕಡೆ ತಿರುಗಬೇಕು. ಆಹಾರದ ಅಲರ್ಜಿಯಿಂದ ಬರುವ ನವೆಗೆ ಋತುವಿಲ್ಲ, ವರ್ಷವಿಡೀ ಇರುತ್ತದೆ. ತಲೆ-ಕತ್ತು ಕೆರೆದುಕೊಳ್ಳುವ ಬೆಕ್ಕುಗಳಲ್ಲಿ ಇದನ್ನು ವಿಶೇಷವಾಗಿ ಶಂಕಿಸುತ್ತಾರೆ. ಪಶ್ಚಿಮದ ದೇಶಗಳ ವರದಿಗಳನ್ನು ಒಟ್ಟುಮಾಡಿ 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಬೆಕ್ಕುಗಳಿಗೆ ಅತಿ ಹೆಚ್ಚು ಅಲರ್ಜಿ ತಂದ ಆಹಾರಗಳೆಂದರೆ ದನದ ಮಾಂಸ, ಮೀನು, ಕೋಳಿ. ಅಕ್ಕಿ, ಗೋಧಿಯ ಮೇಲೆ ಹೊರಿಸುವ ಆರೋಪ ಬಹುಪಾಲು ಹುಸಿ. ಬೆಕ್ಕು ಹುಟ್ಟಿದಂದಿನಿಂದ ತಿಂದು ಸುಖವಾಗಿದ್ದ ಬಂಗುಡೆಯೇ ಐದನೇ ವರ್ಷಕ್ಕೆ ತಿರುಗಿಬೀಳಬಹುದು. ಅಲರ್ಜಿ ಹುಟ್ಟುವುದು ಪರಿಚಯ ಬೆಳೆದ ಮೇಲೆ.

ಇದಕ್ಕೆ ನಂಬಬಹುದಾದ ರಕ್ತಪರೀಕ್ಷೆ ಇಲ್ಲ. ಇರುವುದು ಪಥ್ಯ ಒಂದೇ: ಕನಿಷ್ಠ ಎಂಟು ವಾರ, ಬೆಕ್ಕು ಹಿಂದೆಂದೂ ತಿನ್ನದ ಒಂದು ಮಾಂಸ, ಇಲ್ಲವೇ ಪ್ರೋಟೀನನ್ನು ಚೂರುಚೂರಾಗಿ ಒಡೆದು ತಯಾರಿಸಿದ ವೈದ್ಯಕೀಯ ಆಹಾರ. ಬೇರೆ ಒಂದು ತುಣುಕೂ ಕೂಡದು. ನವೆ ಇಳಿದರೆ ಹಳೆಯ ಆಹಾರ ಮತ್ತೆ ಕೊಟ್ಟು ನೋಡುತ್ತಾರೆ. ಎರಡು ವಾರದೊಳಗೆ ನವೆ ಮರಳಿದರೆ ಅಪರಾಧ ಸಾಬೀತು.

ಹೇಳಲು ಸುಲಭ. ನಮ್ಮ ಬೆಕ್ಕುಗಳಿಗೆ ಒಂದು ಮನೆಯೇ? ಬೆಳಗ್ಗೆ ಇಲ್ಲಿ ಮೊಸರನ್ನ, ಮಧ್ಯಾಹ್ನ ಪಕ್ಕದ ಮನೆಯಲ್ಲಿ ಬೂತಾಯಿ ತಲೆ, ಸಂಜೆ ಅಂಗಡಿ ಕಟ್ಟೆಯಲ್ಲಿ ಬಿಸ್ಕತ್ತು. ಪಥ್ಯದ ಬೆಕ್ಕಿನ ಯಜಮಾನ ಮೊದಲು ಮಾಡಬೇಕಾದ ಕೆಲಸ ನೆರೆಹೊರೆಯವರ ಕೈಕಾಲು ಹಿಡಿಯುವುದು.

ಎರಡು ಎಚ್ಚರಿಕೆ. ಮನೆಯಲ್ಲೇ ಬೇಯಿಸಿ ಹಾಕುವ ಬರೀ ಮಾಂಸವನ್ನು ತಿಂಗಳುಗಟ್ಟಲೆ ಮುಂದುವರಿಸಬೇಡಿ. ಬೆಕ್ಕಿಗೆ ಬೇಕಾದ ಟಾರೀನ್ ಕೊರತೆಯಾದರೆ ಹೃದಯದ ಸ್ನಾಯು ಸೋಲುತ್ತದೆ ಎಂಬುದು 1987ರಲ್ಲೇ ಗೊತ್ತಾದ ಸಂಗತಿ. ಇನ್ನೊಂದು, ‘ಹಸಿದರೆ ತಾನೇ ತಿನ್ನುತ್ತೆ’ ಎಂಬ ಹಟ ಬೇಡ. ಎರಡು-ಮೂರು ದಿನ ಉಪವಾಸ ಬಿದ್ದ ಬೆಕ್ಕಿಗೆ, ಅದರಲ್ಲೂ ದಪ್ಪ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು.

ಆಹಾರವೂ ಅಲ್ಲ ಎಂದಾದರೆ ಉಳಿಯುವುದು ಗಾಳಿಯಲ್ಲಿರುವ ಅಪರಾಧಿಗಳು: ದೂಳುಹುಳ, ಬೂಷ್ಟು, ಪರಾಗ. ಬೆಕ್ಕಿನಲ್ಲಿ ಈ ಬಗೆಯ ಅಲರ್ಜಿ ಮನುಷ್ಯ-ನಾಯಿಗಳಲ್ಲಿ ಕಾಣುವುದಕ್ಕೆ ಪೂರ್ತಿ ಹೊಂದುವುದಿಲ್ಲ. ಅದಕ್ಕೆಂದೇ 2021ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿ ಅದನ್ನು ‘ಫಿಲೈನ್ ಅಟೋಪಿಕ್ ಸ್ಕಿನ್ ಸಿಂಡ್ರೋಮ್’ ಎಂದು ಬೇರೆಯಾಗಿ ಗುರುತಿಸಿತು. ಇದು ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬಹುದು.

▪ ‘ಮನಸ್ಸಿನ ಕಾಯಿಲೆ’ಯಂತೆ!
ಬೆಕ್ಕು ನೆಕ್ಕಿ ಬೋಳಾದರೆ ‘ಟೆನ್ಷನ್’ ಎಂದು ಷರಾ ಬರೆಯುವ ರೂಢಿ ಹಳೆಯದು. ಮಾನಸಿಕ ಕಾರಣದಿಂದಲೇ ಎಂದು ಶಂಕಿಸಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದ ವರದಿಯೊಂದು 2006ರಲ್ಲಿ ಅಮೆರಿಕದ ಪಶುವೈದ್ಯಕೀಯ ಪತ್ರಿಕೆಯಲ್ಲಿ ಬಂತು. 16ರಲ್ಲಿ ಸಿಕ್ಕಿದ್ದು ದೇಹದ ಕಾಯಿಲೆ. ಮೂರರಲ್ಲಿ ಎರಡೂ. ಬರೀ ಮನಸ್ಸಿನದು ಎನ್ನಬಹುದಾದವು ಎರಡೇ.

ಎಣ್ಣೆ ಬಾಟಲಿ ಕೆಳಗಿಡಿ

ಈಗ ಮನೆಮದ್ದಿನ ಮಾತು. ನವೆ ಎಂದೊಡನೆ ನಮ್ಮ ಕೈ ಹೋಗುವುದು ಕಹಿಬೇವಿನ ಎಣ್ಣೆಗೆ, ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆಗೆ, ಲೋಳೆಸರಕ್ಕೆ, ಸ್ನಾನದ ನೀರಿಗೆ ನಾಲ್ಕು ಹನಿ ಡೆಟ್ಟಾಲ್‌ಗೆ. ನಮಗೆ ನಡೆದೀತು. ಬೆಕ್ಕಿಗೆ ನಡೆಯುವುದಿಲ್ಲ. ಒಂದನೇ ಕಾರಣ ನಾಲಗೆ: ಹಚ್ಚಿದ ಹತ್ತು ನಿಮಿಷದಲ್ಲಿ ಅದು ಹೊಟ್ಟೆಯಲ್ಲಿರುತ್ತದೆ. ಎರಡನೆಯದು ಯಕೃತ್ತು.

ಅನೇಕ ರಾಸಾಯನಿಕಗಳನ್ನು ಕರಗಿಸಿ ಮೂತ್ರಕ್ಕೆ ಸಾಗಿಸಲು ಪ್ರಾಣಿಗಳ ಯಕೃತ್ತಿನಲ್ಲಿ ಕಿಣ್ವಗಳ ಒಂದು ಪಡೆಯಿದೆ. ಅದರಲ್ಲೊಂದು ಮುಖ್ಯ ಕಿಣ್ವದ ಜೀನ್ ಬೆಕ್ಕಿನಲ್ಲಿ ಕೆಟ್ಟುನಿಂತಿದೆ. ಹುಲಿ-ಸಿಂಹಗಳಲ್ಲೂ ಹಾಗೆಯೇ. ಬರೀ ಮಾಂಸ ತಿಂದು ಬದುಕಿದ ವಂಶಕ್ಕೆ ಸಸ್ಯಗಳ ವಿಷ ಅರಗಿಸುವ ಅಗತ್ಯ ಬೀಳಲಿಲ್ಲ ಎಂಬುದು ವಿಜ್ಞಾನಿಗಳ ತರ್ಕ. ಫಲ ಮಾತ್ರ ಇಂದಿನ ಮನೆಬೆಕ್ಕು ಉಣ್ಣುತ್ತಿದೆ: ನಮ್ಮ ಜ್ವರದ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು. ಡೆಟ್ಟಾಲ್, ಫಿನಾಯಿಲ್ ಇದೇ ಗುಂಪಿನ ವಿಷ. ಗಾಢ ಕಹಿಬೇವಿನ ಎಣ್ಣೆ ಹಚ್ಚಿಸಿಕೊಂಡ ಬೆಕ್ಕುಗಳು ಜೊಲ್ಲು ಸುರಿಸಿ ನಡುಗಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಟೀ ಟ್ರೀ ಎಣ್ಣೆ, ಕರ್ಪೂರ, ಸೀಮೆಎಣ್ಣೆ ಸುತರಾಂ ಬೇಡ. ಲೋಳೆಸರದ ಸಿಪ್ಪೆಯಡಿಯ ಹಳದಿ ಹಾಲು ಭೇದಿ ಹತ್ತಿಸುತ್ತದೆ. ‘ನೈಸರ್ಗಿಕ’ ಎಂಬ ಲೇಬಲ್ಲನ್ನು ಬೆಕ್ಕಿನ ಯಕೃತ್ತು ಓದುವುದಿಲ್ಲ.

ಎಲ್ಲಕ್ಕಿಂತ ಅಪಾಯಕಾರಿ ಪರ್ಮೆಥ್ರಿನ್. ನಾಯಿಯ ಉಣ್ಣೆ-ಚಿಗಟಕ್ಕೆ ಕತ್ತಿನ ಮೇಲೆ ಬಿಡುವ ಕೆಲವು ಹನಿಮದ್ದುಗಳಲ್ಲಿ, ಪುಡಿಗಳಲ್ಲಿ ಇದಿರುತ್ತದೆ. ‘ನಾಯಿಗೆ ತಂದದ್ದು ಸ್ವಲ್ಪ ಉಳಿದಿದೆ, ಬೆಕ್ಕಿಗೂ ಹಾಕೋಣ’ ಎಂಬ ಮಿತವ್ಯಯ ಎಷ್ಟೋ ಬೆಕ್ಕುಗಳ ಜೀವ ತೆಗೆದಿದೆ. ಕೆಲವೇ ಗಂಟೆಗಳಲ್ಲಿ ಕಿವಿ ಅದುರಿ, ಮೈ ನಡುಗಿ, ಫಿಟ್ಸ್ ಬರುತ್ತದೆ. ಹಾಗಾದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನಿಂದ ತಕ್ಷಣ ತೊಳೆದು ಆಸ್ಪತ್ರೆಗೆ ಓಡಬೇಕು. ಸೊಳ್ಳೆ ಬತ್ತಿ, ದ್ರವದ ಯಂತ್ರಗಳಲ್ಲಿರುವ ಕೀಟನಾಶಕಗಳೂ ಇದೇ ವಂಶದವು. ಪ್ರಮಾಣ ಕಡಿಮೆ ಎಂಬುದಷ್ಟೇ ಸಮಾಧಾನ.

ಇನ್ನೊಂದು ನಮ್ಮ ದೇಶದ್ದೇ ಆದ ಪಿಡುಗು: ಚೀಟಿ ಇಲ್ಲದೆ ಸಿಗುವ ‘ತುರಿಕೆಯ ಟ್ಯೂಬ್’. ಪ್ರಬಲ ಸ್ಟಿರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಕಲಸಿದ ಈ ಮುಲಾಮು ಮನುಷ್ಯರ ಗಜಕರ್ಣವನ್ನೇ ಹಟಮಾರಿಯಾಗಿಸಿ ಚರ್ಮವೈದ್ಯರ ನಿದ್ದೆಗೆಡಿಸಿದೆ. ಅದನ್ನು ನೆಕ್ಕುವ ಪ್ರಾಣಿಗೆ ಹಚ್ಚುವುದೆಂದರೆ ತಿನ್ನಿಸುವುದೇ.

ಇಂದು ರಾತ್ರಿಗೆ ಏನು ಮಾಡಬಹುದು?

ವೈದ್ಯರನ್ನು ಕಾಣುವವರೆಗೆ ಉಪಶಮನಕ್ಕೆ ದಾರಿಗಳಿವೆ, ಎಲ್ಲವೂ ಸಪ್ಪೆಯವು. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಕೆಂಪಾದ ಜಾಗಕ್ಕೆ ಐದು ನಿಮಿಷ ಒತ್ತಿಹಿಡಿಯಿರಿ, ಬೆಕ್ಕು ಒಪ್ಪಿದರೆ. ಹಿಂಗಾಲಿನ ಉಗುರಿನ ತುದಿ ಕತ್ತರಿಸಿ. ನವೆ ಹೋಗದಿದ್ದರೂ ಗಾಯ ಕಡಿಮೆಯಾಗುತ್ತದೆ. ಹಸಿ ಗಾಯವಿದ್ದರೆ ಮೆತ್ತನೆಯ ಕೋನ್ ತೊಡಿಸಿ. ಅದು ಚರ್ಮಕ್ಕೆ ಬಿಡುವು ಕೊಡುತ್ತದೆಯೇ ಹೊರತು ಕಾರಣ ಕಳೆಯುವುದಿಲ್ಲ. ಬಿಸಿನೀರಿನ ಸ್ನಾನ ಬೇಡವೇ ಬೇಡ. ಹೆದರಿ ಒದ್ದಾಡುವ ಬೆಕ್ಕಿಗೆ ಯಾವ ಶಾಂಪೂವೂ ಶಮನಕಾರಿಯಲ್ಲ. ಅಗರಬತ್ತಿ, ರೂಮ್ ಫ್ರೆಶ್ನರ್ ಕೆಲವು ದಿನ ದೂರವಿಡಿ. ನೆಕ್ಕುತ್ತಿರುವಾಗ ಗದರಿಸಬೇಡಿ, ಮುಂದಿನ ಸಲ ಅದು ಇನ್ನೂ ಆಳದ ಮೂಲೆ ಹುಡುಕುತ್ತದೆ, ಅಷ್ಟೆ.

ಆಸ್ಪತ್ರೆಯಲ್ಲಿ ಮೊದಲ ಸುತ್ತಿಗೆ ಸಿಗುವುದು ಹೆಚ್ಚಾಗಿ ಸ್ಟಿರಾಯ್ಡ್. ಬೈಯಬೇಕಾಗಿಲ್ಲ, ಅದು ಕೆಲಸ ಮಾಡುತ್ತದೆ. ಪ್ರೆಡ್ನಿಸೊಲೋನ್ ಮಾತ್ರೆಯನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟು ಕ್ರಮೇಣ ಇಳಿಸಿದರೆ ಬೆಕ್ಕುಗಳು ಚೆನ್ನಾಗಿ ತಡೆದುಕೊಳ್ಳುತ್ತವೆ. ಚಿಂತೆ ಹುಟ್ಟಿಸುವುದು ತಿಂಗಳಿಗೊಂದರಂತೆ ಚುಚ್ಚಿಸುವ ದೀರ್ಘಕಾಲದ ಇಂಜೆಕ್ಷನ್. ಮಾತ್ರೆ ನುಂಗಿಸುವ ಕುಸ್ತಿ ತಪ್ಪುತ್ತದೆಂದು ಮನೆಯವರೇ ಅದನ್ನು ಕೇಳಿ ಪಡೆಯುತ್ತಾರೆ. ಪದೇ ಪದೇ ಆದರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರಬಹುದು. ಒಮ್ಮೆ ಒಳಹೊಕ್ಕ ಮದ್ದನ್ನು ಹಿಂದಕ್ಕೆ ತೆಗೆಯಲಾಗದು.

ವರ್ಷವಿಡೀ ಔಷಧ ಬೇಕಾಗುವ ಬೆಕ್ಕುಗಳಿಗೆ ಸೈಕ್ಲೋಸ್ಪೋರಿನ್ ಇದೆ. ಅಲರ್ಜಿಕಾರಕಗಳನ್ನೇ ಸೂಕ್ಷ್ಮ ಪ್ರಮಾಣದಲ್ಲಿ ಕೊಟ್ಟು ದೇಹವನ್ನು ಪಳಗಿಸುವ ಇಮ್ಯುನೋಥೆರಪಿ ಇದೆ. ಎರಡೂ ನಿಧಾನ, ಜೇಬಿಗೂ ಭಾರ. ಸಿಟ್ರಿಜಿನ್‌ನಂಥ ಆ್ಯಂಟಿಹಿಸ್ಟಮಿನ್‌ಗಳ ಪರಿಣಾಮ ಸಾಧಾರಣ. ನಾಯಿಗಳ ನವೆಗೆ ಬಂದ ಲೋಕಿವೆಟ್ಮಾಬ್ ಇಂಜೆಕ್ಷನ್ನಿನ ಹೆಸರು ಕೇಳಿದವರಿರಬಹುದು. ಅದು ನಾಯಿಯ ದೇಹಕ್ಕೆಂದೇ ರೂಪಿಸಿದ ಪ್ರತಿಕಾಯ, ಬೆಕ್ಕಿಗೆ ಕೊಡಬಾರದು.

▪ ಕಾಯಬೇಡಿ
ತುಟಿ ಅಥವಾ ಮುಖ ದಿಢೀರನೆ ಊದಿಕೊಂಡರೆ, ಬಾಯಿ ತೆರೆದು ಉಸಿರಾಡಿದರೆ, ಮೈ ನಡುಗಿದರೆ, ಗಾಯದಿಂದ ಕೀವು ಬಂದರೆ, ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ.

ದಾರಿ ತೋಚದವರಿಗೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಿವೆ. ಹೋಗುವಾಗ ಬೆಕ್ಕು ಏನು ತಿನ್ನುತ್ತದೆ, ನವೆ ಯಾವ ತಿಂಗಳು ಶುರುವಾಯಿತು, ಮನೆಯಲ್ಲಿ ಬೇರೆ ಯಾರಿಗೆ ತುರಿಕೆ ಇದೆ, ಈವರೆಗೆ ಏನೇನು ಹಚ್ಚಿದ್ದೀರಿ ಎಂಬುದನ್ನು ಬರೆದುಕೊಂಡು ಹೋಗಿ. ಕೊನೆಯದನ್ನು ಮುಚ್ಚಿಡಬೇಡಿ. ಬೆಕ್ಕು ನೆಕ್ಕುವ ವೀಡಿಯೊ ಇದ್ದರಂತೂ ಅರ್ಧ ಕೆಲಸ ಮುಗಿದಂತೆ, ವೈದ್ಯರ ಮೇಜಿನ ಮೇಲೆ ಅದು ಖಂಡಿತ ನೆಕ್ಕುವುದಿಲ್ಲ.

ಆಗಸ್ಟ್ 8 ಅಂತರರಾಷ್ಟ್ರೀಯ ಬೆಕ್ಕು ದಿನ. ಸ್ಟೇಟಸ್‌ಗೆ ಫೋಟೊ ಹಾಕುವ ಮೊದಲು ಬೆಕ್ಕನ್ನು ಒಮ್ಮೆ ಅಂಗಾತ ಮಲಗಿಸಿ ಹೊಟ್ಟೆ ನೋಡಿ, ಬಾಲದ ಬುಡ ಬಾಚಿ. ಮನೆಯಲ್ಲಿ ನಾಯಿಯೂ ಇದ್ದರೆ ಅದರ ಹನಿಮದ್ದಿನ ಪ್ಯಾಕಿನ ಹಿಂಬದಿ ಓದಿ. ಪರ್ಮೆಥ್ರಿನ್ ಎಂದು ಬರೆದಿದ್ದರೆ, ಬೆಕ್ಕಿನ ಔಷಧದ ಪಕ್ಕದಿಂದ ಅದನ್ನು ಇವತ್ತೇ ಎತ್ತಿ ಬೇರೆ ಕಡೆ ಇಡಿ.